ಕರಡಿ ಕೊಯ್ಲು ಒಪ್ಪದ ಮೇಡಂ

ಮೊದಲೇ ಹೇಳಿಬಿಡುತ್ತೇನೆ, ಅವರು ಸತ್ತಿಲ್ಲ. ಇದನ್ನು ಇಷ್ಟು ಒತ್ತಿ ಹೇಳಬೇಕಾಗಿರುವುದು ಅವರನ್ನು ಸಾಯಿಸಿದವನು ನಾನೇ ಆದ್ದರಿಂದ.

ನಡೆದದ್ದು ಇಷ್ಟೇ. ಮೇಡಂ ಕೆಲಸ ಬಿಟ್ಟ ದಿನ ಲಂಡನ್ನಿನ ನಮ್ಮ ಕನ್ನಡದವರ ಮೆಸೇಜ್ ಗ್ರೂಪಿನಲ್ಲಿ ನಾಲ್ಕು ಒಳ್ಳೆಯ ಮಾತು ಬರೆಯೋಣ ಅಂತ ಕೂತೆ. ನಾನು ಉಡುಪಿ ಕಡೆಯವನು. ಮನೆಯಲ್ಲಿ ಕೊಂಕಣಿ, ಬೀದಿಯಲ್ಲಿ ತುಳು, ಕನ್ನಡ ಶಾಲೆಯಲ್ಲಿ ಕಲಿತದ್ದು. ಹಾಗಾಗಿ ಬರೆಯುವಾಗ ನನ್ನ ಕನ್ನಡಕ್ಕೆ ತಾನಾಗಿಯೇ ಇಸ್ತ್ರಿ ಬೀಳುತ್ತದೆ. "ನನ್ನ ಗುರುಸಮಾನರಾದ ಹಿರಿಯ ಸಹೋದ್ಯೋಗಿ ಇಂದು ನಮ್ಮೆಲ್ಲರನ್ನು ಅಗಲಿದ್ದಾರೆ" ಅಂತ ಬರೆದೆ. ಜೊತೆಗೆ ಅವರದೊಂದು ಫೋಟೋ ಹಾಕಿದೆ. ಹಿಂದಿನ ಪ್ರಿಂಟರ್ ಅಸಹ್ಯವಾಗಿ ಕಾಣುತ್ತಿತ್ತು, ಅದಕ್ಕೆ ಕಪ್ಪು-ಬಿಳುಪು ಮಾಡಿದೆ. ಕೆಳಗೆ ಖಾಲಿ ಜಾಗ ಉಳಿಯಿತು, ಅಲ್ಲೊಂದು ಬಿಳಿ ಹೂವು ಇಟ್ಟೆ.

ಟೀ ಮಾಡಿಕೊಂಡು ಬರುವಷ್ಟರಲ್ಲಿ ಗ್ರೂಪಿನ ತುಂಬ ಮುಗಿದ ಕೈಗಳ ಚಿತ್ರಗಳು. ಸಟನ್‌ನ ಡಾಕ್ಟರೊಬ್ಬರು ಯಾವ ಆಸ್ಪತ್ರೆಯಲ್ಲಿ ಅಂತ ಕೇಳಿದ್ದರು. ಗ್ರೀನ್‌ಫರ್ಡಿನ ಲಾರೆನ್ಸ್ ಅಂಕಲ್ ಭಾನುವಾರದ ಪೂಜೆಯಲ್ಲಿ ಅವರ ಆತ್ಮಕ್ಕಾಗಿ ಪ್ರಾರ್ಥಿಸಲು ಪಾದ್ರಿಗಳಿಗೆ ಹೇಳಿಯೂ ಆಗಿತ್ತು. ಅಷ್ಟರಲ್ಲಿ ಫೋನ್ ಬಡಿದುಕೊಂಡಿತು. ತೀರಿಹೋದವರ ನಂಬರು.

"ಏ ತಮ್ಮಾ, ನನ್ನ ಯಾವಾಗ ಹೊಡದಿ?"

"ಮೇಡಂ, ಅದು ಹಾಗಲ್ಲ. ಅಗಲಿದರು ಅಂದ್ರೆ ಬಿಟ್ಟು ಹೋದರು ಅಂತ. ಆಫೀಸು ಬಿಟ್ಟು."

"ಬ್ಯಾಟಿ ಸೀಸನ್ ಇನ್ನೂ ಶುರು ಆಗಿಲ್ಲಲ್ಲೋ. ಈಗs ಹೊಡದ್ರ ನಿನ್ನ ಮ್ಯಾಲೆ ಕೇಸ್ ಆಗ್ತದ."

ಅವರು ನಕ್ಕರು. ನಾನು ನಗಲಿಲ್ಲ. ಸಾಯುವುದಕ್ಕೆ ಸರಿಯಾದ ಮಾತು ಬಳಸಿ ಅಂತ ವರ್ಷಗಟ್ಟಲೆ ಜಗಳ ಆಡಿ, ಕೊನೆಗೆ ಆ ಜಗಳಕ್ಕೇ ಕೆಲಸ ಬಿಟ್ಟು ಬಂದ ಹೆಂಗಸನ್ನು ನಾನು ಒಂದು ತಪ್ಪು ಮಾತಿನಲ್ಲಿ ಮುಗಿಸಿದ್ದೆ.

ನಮ್ಮ ಆಫೀಸು ಇರುವುದು ಕ್ರೋಯ್ಡನ್‌ನಲ್ಲಿ, ಟ್ರಾಮ್ ಹೋಗುವ ರಸ್ತೆಗೆ ಮುಖ ಮಾಡಿದ ಕಟ್ಟಡದಲ್ಲಿ. ಏನು ಕೆಲಸ ಅಂತ ಹೇಳಿದರೆ ಯಾರೂ ನಂಬುವುದಿಲ್ಲ. ನನ್ನ ಅಮ್ಮ ಈಗಲೂ ನಂಬಿಲ್ಲ, ಬ್ಯಾಂಕಿನಲ್ಲಿದ್ದಾನೆ ಅಂತ ಊರಿಗೆಲ್ಲ ಹೇಳಿದ್ದಾಳೆ. ಅಟ್ಲಾಂಟಿಕ್ ಸಮುದ್ರದಾಚೆಯ ಕೆಲವು ಕಾಡುಗಳಲ್ಲಿ ಕರಡಿ ಬೇಟೆಗೆ ಅನುಮತಿ ಇದೆ. ಯಾವ ದಿನದಿಂದ ಯಾವ ದಿನದವರೆಗೆ ಹೊಡೆಯಬಹುದು ಅಂತ ಅಲ್ಲಿನ ಬೇಟೆ ಮಂಡಳಿಗಳು ನಿಗದಿ ಮಾಡುತ್ತವೆ. ಆ ತಾರೀಕುಗಳನ್ನು ಹಿಂದೆ ಮುಂದೆ ಸರಿಸಿದರೆ ಯಾವ ಕರಡಿ ಸಾಯುತ್ತದೆ, ಯಾವುದು ಉಳಿಯುತ್ತದೆ, ಮುಂದೆ ಆ ಕಾಡಿನಲ್ಲಿ ಕರಡಿಗಳು ಹೆಚ್ಚುತ್ತವೋ ಕಮ್ಮಿಯಾಗುತ್ತವೋ ಅಂತ ಲೆಕ್ಕ ಹಾಕಿಕೊಡುವುದು ನಮ್ಮ ಕೆಲಸ. ಕಸದ ಡಬ್ಬಿ ಉರುಳಿಸುವ ನರಿಗಿಂತ ದೊಡ್ಡ ಕಾಡುಪ್ರಾಣಿ ಇಲ್ಲದ ಊರಿನಲ್ಲಿ ಕೂತು ನಾವು ಕರಡಿಗಳ ಹಣೆಬರಹ ನೋಡುತ್ತಿದ್ದೆವು.

ಮೇಡಂ ಆ ಆಫೀಸಿನ ಹಿರಿಯ ಲೆಕ್ಕಿಗರು. ಧಾರವಾಡದಲ್ಲಿ ಸಂಖ್ಯಾಶಾಸ್ತ್ರ ಓದಿದವರು. ಗಂಡ ಆಸ್ಪತ್ರೆಯ ಡಾಕ್ಟರಾಗಿ ಇಲ್ಲಿಗೆ ಬಂದಾಗ ಜೊತೆಗೆ ಬಂದರು. ಗಂಡ ತೀರಿಕೊಂಡ ಮೇಲೂ ಸಟನ್‌ನ ಅದೇ ಮನೆಯಲ್ಲಿದ್ದಾರೆ. ಡ್ರಾಯರಿನಲ್ಲಿ ಶೇಂಗಾ ಚಟ್ನಿಪುಡಿ. ಅದನ್ನು ಅವರು ಚೀಸ್ ಸ್ಯಾಂಡ್‌ವಿಚ್ಚಿಗೆ ಉದುರಿಸುತ್ತಿದ್ದರು, ಆಪಲ್ಲಿಗೆ ಉದುರಿಸುತ್ತಿದ್ದರು, ಒಮ್ಮೆ ಯಾರದೋ ಬರ್ತ್‌ಡೇ ಕೇಕಿಗೂ ಉದುರಿಸಿದರು. ಕೋಟಿನ ಜೇಬಿನಲ್ಲಿ ಓಕ್ ಮರದ ಕಾಯಿಗಳು. ಪಾರ್ಕಿನಲ್ಲಿ ನಡೆಯುವಾಗ ಬಗ್ಗಿ ಆರಿಸಿಕೊಳ್ಳುತ್ತಿದ್ದರು. ಮೀಟಿಂಗಿಗೆ ಬಂದು ಕೂತರೆ ಮೊದಲು ನಾಲ್ಕು ಕಾಯಿ ಮೇಜಿನ ಮೇಲೆ ಬೀಳುತ್ತಿದ್ದವು.

"ಇವು ಕಾಡಿನ್ಯಾಗ ಭಾಳ ಬಿದ್ವು ಅಂದ್ರ ಕರಡಿ ಅಲ್ಲೇ ತಿಂದು ಅಲ್ಲೇ ಇರ್ತದ. ಬೀಳಲಿಲ್ಲ ಅಂದ್ರ ಹೊಟ್ಟಿಗೆ ಹುಡುಕ್ಕೋತ ತಿರುಗ್ತದ, ಬಂದೂಕಿನ ಮುಂದ ಬಂದು ನಿಲ್ತದ. ನಿಮ್ಮ ಕಂಪ್ಯೂಟರಿಗೆ ಇದು ಗೊತ್ತದ ಏನು, ಕೇಳ್ರಿ."

ಇನ್ನೊಂದು ಅಭ್ಯಾಸ ಇತ್ತು. ಮಾತು ಬಿಸಿಯಾದಾಗ ಅವರು ಚಪ್ಪಲಿ ಕಳಚಿ ಎರಡೂ ಕಾಲು ಮೇಲೆತ್ತಿ ಆಫೀಸ್ ಕುರ್ಚಿಯಲ್ಲೇ ಚಕ್ಕಳಮಕ್ಕಳ ಹಾಕಿ ಕೂತುಬಿಡುತ್ತಿದ್ದರು. ಕಾಲು ಮೇಲೆ ಹೋಯಿತು ಅಂದರೆ ಮುಗಿಯಿತು, ಇನ್ನು ಅವರನ್ನು ಅಲುಗಿಸಲು ಆಗುವುದಿಲ್ಲ ಅಂತ ಇಡೀ ಆಫೀಸಿಗೆ ಗೊತ್ತಿತ್ತು. ಯಾಕೆ ಮೇಡಂ ಹೀಗೆ ಕೂರುತ್ತೀರಿ ಅಂತ ಒಮ್ಮೆ ಕೇಳಿದೆ.

"ಸಣ್ಣಾಕಿ ಇದ್ದಾಗ ನಮ್ಮ ಓಣಿಗೆ ಕರಡಿ ಆಡಸವ ಬರ್ತಿದ್ದ. ಮಕ್ಕಳನ್ನ ಕರಡಿ ಮ್ಯಾಲೆ ಕೂಡಿಸಿದ್ರ ಅಂಜಿಕಿ ಹೋಗ್ತದ ಅಂತ ನಮ್ಮವ್ವ ನನ್ನ ಎತ್ತಿ ಕೂಡಿಸಿಬಿಟ್ಲು. ಅವಾ ಹೇಳಿದಾ, ಕಾಲು ಮ್ಯಾಲೆ ಎತ್ತಿಕೋ ಬೇಬಿ, ಕಾಲು ತಾಗಿದ್ರ ನಡೀತದ ಅದು, ಬೀಳ್ತಿ ಅಂತ. ಅವತ್ತಿಂದ ಎಲ್ಲಿ ಅಂಜಿಕಿ ಬಂತೋ ಅಲ್ಲೇ ಕಾಲು ಎತ್ತತೀನಿ."

"ಅಂದ್ರೆ ನಿಮಗೂ ಹೆದರಿಕೆ ಆಗ್ತದಾ?"

"ಆಗಲಾರದ ಏನು. ಅದಕ್ಕs ಎತ್ತೋದು."

ನಾನು ಅಲ್ಲಿ ಸೇರಿದ ಮೊದಲ ವಾರವೇ ಪ್ರಕೃತಿಯ ನಿಯಮ ಬದಲಿಸಿದವನು. ಕರಡಿಗಳ ಲೆಕ್ಕದಲ್ಲಿ ಎಂ ಮತ್ತು ಎಫ್ ಅಂತ ಎರಡು ಸಾಲು ಇರುತ್ತವೆ. ಕ್ಯಾಥೊಲಿಕ್ ಮನೆಯಲ್ಲಿ ಹುಟ್ಟಿದವನಿಗೆ ಎಫ್ ಅಂದರೆ ಇನ್ನೇನು, ಫಾದರ್. ಎಂ ಅಂದರೆ ಮದರ್. ನಾನು ಯಾವ ಅನುಮಾನವೂ ಇಲ್ಲದೆ ಇಡೀ ಮಾಡೆಲನ್ನು ಹಾಗೇ ಕಟ್ಟಿದೆ. ನನ್ನ ಕಾಡಿನಲ್ಲಿ ಗಂಡು ಕರಡಿಗಳು ಮರಿ ಹಾಕಿದವು, ಹಾಲು ಕುಡಿಸಿದವು. ಹೆಣ್ಣುಗಳು ಕಾಡು ಸುತ್ತಿಕೊಂಡು ಆರಾಮವಾಗಿದ್ದವು. ನಾನದನ್ನು ದೊಡ್ಡ ಪರದೆಯ ಮೇಲೆ ಎಲ್ಲರಿಗೂ ತೋರಿಸಿದೆ. ಮೇಡಂ ಕನ್ನಡಕ ಏರಿಸಿ ಬಹಳ ಹೊತ್ತು ನೋಡಿದರು.

"ಇರಲಿ ಬಿಡ್ರಿ," ಅಂದರು, "ಒಂದು ವರ್ಷರ ಗಂಡಸರು ಹಡೀಲಿ."

ಆಮೇಲೆ ನನ್ನನ್ನು ಪಕ್ಕಕ್ಕೆ ಕೂರಿಸಿಕೊಂಡು ಹೇಳಿಕೊಟ್ಟದ್ದನ್ನು ನಾನು ಇವತ್ತಿಗೂ ಮರೆತಿಲ್ಲ. ಕರಡಿಗಳು ಬೇಸಿಗೆಯಲ್ಲಿ ಕೂಡುತ್ತವೆ. ಆದರೆ ಗರ್ಭ ಕೂಡಲೇ ಬೆಳೆಯುವುದಿಲ್ಲ, ತಡೆದು ನಿಂತಿರುತ್ತದೆ. ಚಳಿಗಾಲಕ್ಕೆ ಮೊದಲು ತಾಯಿಯ ಮೈಯಲ್ಲಿ ಸಾಕಷ್ಟು ಕೊಬ್ಬು ಸೇರಿದ್ದರೆ ಮಾತ್ರ ಮುಂದುವರಿಯುತ್ತದೆ. ಆದ್ದರಿಂದ ಬಸುರಿ ಕರಡಿಗಳು ಎಲ್ಲರಿಗಿಂತ ಮುಂಚೆ ಗವಿ ಸೇರಿ ಮಲಗಿಬಿಡುತ್ತವೆ. ಗಂಡುಗಳು ಹೊಟ್ಟೆಗೆ ಸಿಗುವವರೆಗೂ ಹೊರಗೇ ಅಲೆಯುತ್ತವೆ.

"ಈಗ ನೀ ಹೇಳು," ಅಂದರು, "ಬ್ಯಾಟಿ ಲಗೂನ ಶುರು ಮಾಡಿದ್ರ ಯಾರು ಸಿಗ್ತಾರ?"

"ಎಲ್ಲರೂ ಸಿಗ್ತಾರೆ."

"ತಡಾ ಮಾಡಿ ಶುರು ಮಾಡಿದ್ರ?"

"ಗಂಡುಗಳು ಮಾತ್ರ. ಹೆಚ್ಚು ಕಮ್ಮಿ."

"ಅಷ್ಟs ನೋಡು ನಮ್ಮ ವಿದ್ಯಾ. ಉಳಿದಿದ್ದೆಲ್ಲಾ ಬಣ್ಣದ ಗ್ರಾಫು."

ಅವರು ಬೇಟೆಯ ವಿರೋಧಿ ಅಂತ ಯಾರಾದರೂ ಅಂದುಕೊಂಡರೆ ತಪ್ಪು. ಕರಡಿ ಹೆಚ್ಚಾದ ಕಡೆ ಅವು ಊರಿಗೆ ಬರುತ್ತವೆ, ಬಾಗಿಲು ಮುರಿಯುತ್ತವೆ, ಮನುಷ್ಯರೂ ಸಾಯುತ್ತಾರೆ, ಕೆಲವನ್ನು ಹೊಡೆಯಲೇಬೇಕು ಅಂತ ಅವರೇ ಬರೆದುಕೊಟ್ಟದ್ದಿದೆ. ಅವರ ಜಗಳ ಇದ್ದದ್ದು ಒಂದೇ ಮಾತಿನ ಮೇಲೆ. ಈ ವ್ಯವಹಾರದಲ್ಲಿ ಯಾರೂ ಕರಡಿಯನ್ನು ಕೊಂದೆವು ಅನ್ನುವುದಿಲ್ಲ. ಹಾರ್ವೆಸ್ಟ್ ಅನ್ನುತ್ತಾರೆ. ಕೊಯ್ಲು. ಈ ವರ್ಷದ ಕೊಯ್ಲು ಇಷ್ಟು, ಹೋದ ವರ್ಷದ ಕೊಯ್ಲು ಇಷ್ಟು.

"ಯಾರು ಬಿತ್ತಿದ್ರು?" ಅಂತ ಮೇಡಂ ಪ್ರತಿ ಮೀಟಿಂಗಿನಲ್ಲೂ ಕೇಳುತ್ತಿದ್ದರು. "ನೀರು ಯಾರು ಬಿಟ್ರು? ಕಳೆ ಯಾರು ಕಿತ್ರು? ಕೊಯ್ಯಾಕ ಮಾತ್ರ ಬಂದು ನಿಂತೀರಿ. ಹೊಡೀತೀರಿ, ಹೊಡದೀವಿ ಅನ್ರಿ. ಬಾಯಿ ಏನು ಸುಡೂದಿಲ್ಲ."

ಅವರು ಇದನ್ನು ಹೇಳುತ್ತಿದ್ದದ್ದು ಇಂಗ್ಲಿಷಿನಲ್ಲೇ. ಆದರೆ ಅವರ ಇಂಗ್ಲಿಷೂ ಧಾರವಾಡದ್ದೇ, ಆದ್ದರಿಂದ ನಾನು ಇಲ್ಲಿ ಮೂಲಕ್ಕೆ ನಿಷ್ಠನಾಗಿದ್ದೇನೆ. ವರದಿಗಳಲ್ಲಿ ಅವರು ಹಾರ್ವೆಸ್ಟ್ ಅಳಿಸಿ ಕೊಂದದ್ದು ಅಂತ ಹಾಕುತ್ತಿದ್ದರು. ನಮ್ಮ ಮ್ಯಾನೇಜರು, ಬಹಳ ಮರ್ಯಾದಸ್ಥ ಇಂಗ್ಲಿಷ್ ಮನುಷ್ಯ, ಕೊಂದದ್ದು ಅಳಿಸಿ ಹಾರ್ವೆಸ್ಟ್ ಹಾಕುತ್ತಿದ್ದರು. ಇಬ್ಬರೂ ಒಬ್ಬರಿಗೊಬ್ಬರು ಗುಡ್ ಮಾರ್ನಿಂಗ್ ಹೇಳಿಕೊಂಡೇ ವರ್ಷಗಟ್ಟಲೆ ಈ ಆಟ ಆಡಿದರು.

ಇಂಥವರ ಭಾಷಣಕ್ಕೆ ಪೋಸ್ಟರು ಮಾಡುವ ಕೆಲಸವನ್ನು ನನಗೆ ಕೊಟ್ಟವರು ಯಾರೋ, ದೇವರು ಅವರನ್ನು ಕ್ಷಮಿಸಲಿ.

ಕನ್ನಡದವರ ತಿಂಗಳ ಕೂಟದಲ್ಲಿ ಮೇಡಂ ತಮ್ಮ ಕೆಲಸದ ಬಗ್ಗೆ ಮಾತಾಡಬೇಕು ಅಂತ ಆಗಿತ್ತು. ಕ್ರೋಯ್ಡನ್ ಶಾಲೆಯೊಂದರ ಹಾಲ್, ಹೋದ ವರ್ಷ ಸೆಪ್ಟೆಂಬರಿನ ಒಂದು ಭಾನುವಾರ ಮಧ್ಯಾಹ್ನ, ಊಟ ಉಂಟು. "ಬ್ಯಾಟಿ ಅಂತ ಬರಿ" ಅಂತ ಅವರು ನನಗೆ ಹೇಳಿದ್ದರು. ನಾನು ಹೂಂ ಅಂದೆ. ಆಮೇಲೆ ಆಫೀಸಿನ ಇಂಗ್ಲಿಷ್ ಶೀರ್ಷಿಕೆ ಎದುರಿಗಿಟ್ಟುಕೊಂಡು ಒಂದೊಂದೇ ಮಾತಿಗೆ ಕನ್ನಡ ಹುಡುಕಿ ದೊಡ್ಡ ಅಕ್ಷರದಲ್ಲಿ ಹಾಕಿದೆ: ಕರಡಿ ಕೊಯ್ಲು, ಯಾವಾಗ ಶುರು? ಎಲ್ಲರಿಗೂ ಸ್ವಾಗತ.

ಸೆಪ್ಟೆಂಬರಿನಲ್ಲಿ ನಮ್ಮ ಕರಾವಳಿಯ ಕ್ರೈಸ್ತರಿಗೆ ತೆನೆ ಹಬ್ಬ. ಹೊಸ ಭತ್ತದ ತೆನೆ ತರುವುದು, ಮಾತೆ ಮರಿಯಮ್ಮನಿಗೆ ಮಕ್ಕಳು ಬುಟ್ಟಿಯಲ್ಲಿ ಹೂ ಹಾಕುವುದು, ಆಮೇಲೆ ಕಬ್ಬು ತಿನ್ನುವುದು. ಕೊಯ್ಲು ಅನ್ನುವುದನ್ನು ನೋಡಿ ಗ್ರೀನ್‌ಫರ್ಡಿನಿಂದ ನಾಲ್ಕು ಕಾರು ತುಂಬ ನಮ್ಮ ಜನ ಹೊರಟರು. ಕರಡಿ ಯಾಕೆ ಅಂತ ಯಾರೋ ಕೇಳಿದ್ದಕ್ಕೆ ಲಾರೆನ್ಸ್ ಅಂಕಲ್, "ಅದೊಂದು ಭತ್ತದ ಜಾತಿ ಮಾರಾಯ. ಕಪ್ಪು ಸಿಪ್ಪೆ. ನನ್ನ ಅಜ್ಜಿ ಹೇಳ್ತಿದ್ರು" ಅಂತ ಸಾಧಿಸಿದರಂತೆ. ಇತ್ತ ಧಾರವಾಡದ ಕಡೆಯ ಡಾಕ್ಟರರ ಮನೆಗಳವರಿಗೆ ಕರಡಿ ಅಂದರೆ ಕರಡಿ ಮಜಲು, ಅವರ ಕಡೆ ಮೆರವಣಿಗೆಯಲ್ಲಿ ಬಾರಿಸುವ ದೊಡ್ಡ ವಾದ್ಯ. ಊರಿನಿಂದ ಮೇಳ ಕರೆಸಿದ್ದಾರೆ ಅಂದುಕೊಂಡು ಅವರು ಇಳಕಲ್ ಸೀರೆ ಉಟ್ಟು, ಗಂಡಸರು ತಲೆಗೆ ಪಟಗಾ ಸುತ್ತಿಕೊಂಡು ಬಂದರು. ಬೆಂಗಳೂರಿನವರು ಏನೂ ಅಂದುಕೊಳ್ಳದೆ ಊಟಕ್ಕೆ ಬಂದರು.

ಮೇಡಂ ಹಾಲಿನೊಳಗೆ ಕಾಲಿಟ್ಟರೆ ಎದುರಿಗೆ ಹೂವಿನ ಬುಟ್ಟಿಗಳು, ಗೋಡೆಗೆ ಒರಗಿಸಿದ ಕಬ್ಬು, ಪಟಗಾ ಸುತ್ತಿದ ಹೃದಯತಜ್ಞರು. ಗೋಡೆಯ ಮೇಲೆ ನನ್ನ ಪೋಸ್ಟರು. ಅದನ್ನು ಓದಿದರು. ನನ್ನನ್ನು ನೋಡಿದರು. ನಾನು ಕಬ್ಬಿನ ಹಿಂದೆ ನಿಲ್ಲಲು ನೋಡಿದೆ, ಕಬ್ಬು ತೆಳ್ಳಗಿತ್ತು.

"ಡ್ರಮ್ ಎಲ್ಲಿ ಅವ ರೀ?" ಅಂತ ಒಬ್ಬರು ಕೇಳಿದರು.

"ತೆನೆ ಬರ್ಲಿಲ್ವಾ ಇನ್ನೂ?" ಅಂತ ಲಾರೆನ್ಸ್ ಅಂಕಲ್.

ಮೇಡಂ ಕೋಟು ತೆಗೆದು ಕುರ್ಚಿಗೆ ಹಾಕಿದರು. ಓಕ್ ಕಾಯಿಗಳು ಉರುಳಿದವು. "ಎಲ್ಲಾರೂ ಎದ್ದು ನಡುವ ಬರ್ರಿ," ಅಂದರು. "ನೀವೆಲ್ಲಾ ಕರಡಿ. ಈ ತಮ್ಮ ಬ್ಯಾಟಿಗಾರ."

ತಮ್ಮ ಶಾಲಿನಿಂದ ನನ್ನ ಕಣ್ಣು ಕಟ್ಟಿದರು. ನಮ್ಮ ಆಂಟಿಯರ ಬುಟ್ಟಿಯಿಂದ ಚೆಂಡು ಹೂ ತೆಗೆದು ನನ್ನ ಕೈಗೆ ಕೊಟ್ಟರು. ಹೂ ತಾಗಿದವರು ಸತ್ತಂತೆ, ಕೆಳಗೆ ಕೂರಬೇಕು. ನಾನು ಎಸೆದೆ. ಒಂದು ಹೂವು ಸಾಂಬಾರಿನ ಪಾತ್ರೆಗೆ ಬಿತ್ತು ಅಂತ ಆಮೇಲೆ ತಿಳಿಯಿತು. ಒಂದು ನನ್ನ ಕಾಲಿಗೇ ಬಿತ್ತು. ಉಳಿದವು ಜನಕ್ಕೆ ತಾಗಿದವು. ಕಣ್ಣು ಬಿಚ್ಚಿದಾಗ ಕೂತವರಲ್ಲಿ ಗಂಡಸರು, ಹೆಂಗಸರು, ಕೂಸನ್ನು ಎತ್ತಿಕೊಂಡವರು ಎಲ್ಲರೂ ಇದ್ದರು. ನಡುವೆ ಸಟನ್‌ನ ಡಾಕ್ಟರ್ ವೀಣಾ, ತುಂಬಿದ ಬಸುರಿ, ಹೊಟ್ಟೆಯ ಮೇಲಿನ ಹೂವನ್ನು ಕೈಯಲ್ಲಿ ಹಿಡಿದುಕೊಂಡು ಕುರ್ಚಿ ಹುಡುಕುತ್ತಿದ್ದರು.

"ಇದು ಲಗೂ ಶುರು ಮಾಡಿದ ಬ್ಯಾಟಿ," ಅಂದರು ಮೇಡಂ. "ಈಗ ಎಲ್ಲಾರೂ ಏಳ್ರಿ. ಬಸುರಿದ್ದವರು, ಕೂಸು ಇದ್ದವರು ಕೋಟು ಇಡೋ ಖೋಲಿಗೆ ಹೋಗಿ ಬಾಗಲಾ ಹಾಕ್ಕೋರಿ. ಚಳಿಗಾಲ ಬಂತು."

ಅವರೆಲ್ಲ ಒಳಗೆ ಹೋದರು. ಮತ್ತೆ ನನ್ನ ಕಣ್ಣು ಕಟ್ಟಿದರು, ಅಷ್ಟೇ ಹೂ ಕೊಟ್ಟರು. ಎಸೆದು ನೋಡಿದರೆ ಹೆಚ್ಚಾಗಿ ಬಿದ್ದವರು ಕಾಫಿ ಡ್ರಮ್ಮಿನ ಪಕ್ಕ ನಿಂತ ಅಂಕಲ್‌ಗಳು. ಲಾರೆನ್ಸ್ ಅಂಕಲ್ ಒಬ್ಬರಿಗೇ ಮೂರು ಬಿದ್ದಿತ್ತು.

"ಹಾಗಾದ್ರೆ ತಡ ಮಾಡಿದ್ರೆ ಸಾಯುದು ನಾವಾ ಮೇಡಂ?"

"ಹೌದ್ರೀ. ಊಟದ ಟೇಬಲ್ ಬಿಟ್ಟು ಮನೀಗೆ ಹೋಗ್ರಿ ಅಂದ್ರ ನೀವು ಹೋಗೂದಿಲ್ಲಲ್ಲ."

ಹಾಲ್ ಎಲ್ಲ ನಕ್ಕಿತು. ಆಗ ಒಂದು ಪುಟ್ಟ ಹುಡುಗಿ, ಕನ್ನಡ ಅರ್ಥವಾಗುತ್ತದೆ ಆದರೆ ಮಾತಾಡುವುದು ಇಂಗ್ಲಿಷು, ಡಾಕ್ಟರ್ ವೀಣಾರ ಸೆರಗು ಹಿಡಿದುಕೊಂಡು ಕೇಳಿದಳು: ಮೊದಲನೇ ಸಲದಲ್ಲಿ ಹೂ ಬಿದ್ದಾಗ ಹೊಟ್ಟೆಯೊಳಗಿನ ಪಾಪು ಏನಾಯಿತು?

"ಅದು ಹುಟ್ಟಲೇ ಇಲ್ಲ, ಕಂದಾ," ಅಂದರು ಮೇಡಂ. "ಮತ್ತ ಅದನ್ನ ಯಾರೂ ಎಣಿಸಲೂ ಇಲ್ಲ. ಹೂವು ಎರಡೂ ಸಲ ಅಷ್ಟs ಇದ್ವು ನೋಡು."

ಡಾಕ್ಟರ್ ವೀಣಾ ಹೂವನ್ನು ಮೇಜಿನ ಮೇಲಿಟ್ಟು ಮೆಲ್ಲಗೆ ಕೂತರು. ಆಮೇಲೆ ಎಲ್ಲರೂ ಹೂವಿನ ಸಾಂಬಾರಿನಲ್ಲಿ ಊಟ ಮಾಡಿ ಕಬ್ಬು ತಿಂದರು. ಮನೆಗೆ ಹೋಗುವಾಗ ಮೇಡಂ ನನಗೆ ಹೇಳಿದ್ದು ಒಂದೇ ಮಾತು: "ಇನ್ನೊಮ್ಮೆ ಕೊಯ್ಲು ಅಂತ ಬರದ್ರ ನಿನ್ನ ಕೊಯ್ತೀನಿ."

ನಿಜವಾದ ಕೊಯ್ಲು ಬಂದದ್ದು ಈ ವರ್ಷ. ಅಲ್ಲಿನ ಮಂಡಳಿಯೊಂದು ಬೇಟೆಯನ್ನು ಈಗಿನ ತಾರೀಕಿಗಿಂತ ಮುಂಚೆಯೇ ಶುರು ಮಾಡಬೇಕು ಅಂತ ಹೊರಟಿತು. ಕಾರಣ ಬಹಳ ಸರಳ. ಆಗ ಅಲ್ಲಿ ಸಾಲು ರಜೆ ಇರುತ್ತದೆ, ಚಳಿಯೂ ಕಮ್ಮಿ, ಬೇಟೆಗೆ ಬರುವವರಿಗೆ ಅನುಕೂಲ. ಒಟ್ಟು ಇಷ್ಟು ಕರಡಿ ಸತ್ತ ಕೂಡಲೇ ಬೇಟೆ ಬಂದ್ ಅನ್ನುವ ನಿಯಮ ಹೇಗೂ ಇದೆ. ಆದ್ದರಿಂದ "ತಾರೀಕು ಬದಲಾದರೆ ಒಟ್ಟು ಕೊಯ್ಲಿನಲ್ಲಿ ಗಮನಾರ್ಹ ವ್ಯತ್ಯಾಸವಿಲ್ಲ" ಅಂತ ನಮ್ಮಿಂದ ಒಂದು ವಾಕ್ಯ ಬೇಕಿತ್ತು. ವಾಕ್ಯ ಸುಳ್ಳಲ್ಲ. ಒಟ್ಟು ಬದಲಾಗುವುದಿಲ್ಲ. ಆ ಒಟ್ಟಿನೊಳಗೆ ಯಾರಿದ್ದಾರೆ ಅನ್ನುವುದು ಬದಲಾಗುತ್ತದೆ. ಹೆಣ್ಣು ಕರಡಿ ಪ್ರತಿ ವರ್ಷ ಮರಿ ಹಾಕುವುದಿಲ್ಲ. ಇವತ್ತು ಹೋದ ತಾಯಂದಿರ ಕೊರತೆ ಕಣ್ಣಿಗೆ ಕಾಣುವುದು ಎಷ್ಟೋ ವರ್ಷಗಳ ಮೇಲೆ, ಆಗ ಈ ವಾಕ್ಯ ಬರೆದವರು ಯಾರು ಅಂತ ಯಾರಿಗೂ ನೆನಪಿರುವುದಿಲ್ಲ.

ಮೀಟಿಂಗ್ ಶುರುವಾಗಿ ಮ್ಯಾನೇಜರು ಎರಡು ಮಾತಾಡುವಷ್ಟರಲ್ಲಿ ಮೇಡಂ ಚಪ್ಪಲಿ ಕಳಚಿದ ಸದ್ದು ಕೇಳಿಸಿತು.

"ಬರೀತೀನಿ," ಅಂದರು. "ಒಟ್ಟು ಬದಲಾಗೂದಿಲ್ಲ ಅಂತ ಬರೀತೀನಿ. ಅದರ ಕೆಳಗ ಇನ್ನೊಂದು ಸಾಲು. ಬಸುರಿ ಕರಡಿಗಳನ್ನ ಹೆಚ್ಚು ಕೊಲ್ಲತೀರಿ ಅಂತ. ಎರಡೂ ಛಾಪಿಸ್ರಿ. ಆಮ್ಯಾಲೆ ಅವರು ಯಾವತ್ತರ ಶುರು ಮಾಡ್ಕೊಳ್ಳಿ, ಅದು ಅವರ ಕಾಡು."

ಮ್ಯಾನೇಜರು ಎರಡನೇ ಸಾಲಿನ ಧ್ವನಿ ಸ್ವಲ್ಪ ಬಿರುಸಾಯಿತು ಅಂದರು. "ಕೊಯ್ಲಿನ ಸಂತಾನಶೀಲ ಭಾಗದಲ್ಲಿ ಅಲ್ಪ ಏರಿಕೆ" ಅಂತ ಹಾಕಿ, ಹಿಂದೆ ಅನುಬಂಧದಲ್ಲಿ ಇಡೋಣವೇ ಅಂತ ಕೇಳಿದರು. ಮೇಡಂ ಅದನ್ನು ಎರಡು ಸಲ ಹೇಳಿಸಿಕೊಂಡರು, ಕಿವಿ ಸರಿ ಇದೆಯೋ ಅಂತ ನೋಡಲು.

"ವೀಣಾನ ಹೊಟ್ಟಿ ಮ್ಯಾಲೆ ಹೂವು ಬಿತ್ತಲ್ಲ," ಅಂತ ನನ್ನ ಕಡೆ ತಿರುಗಿ ಕನ್ನಡದಲ್ಲಿ ಕೇಳಿದರು, "ಅದು ಸಂತಾನಶೀಲ ಭಾಗದೊಳಗ ಅಲ್ಪ ಏರಿಕೆ ಏನು?"

ನಾನು ನೆಲ ನೋಡಿದೆ. ಕಾರ್ಪೆಟ್ಟಿನಲ್ಲಿ ಒಂದು ಬಿಸ್ಕತ್ತಿನ ತುಂಡು ಇತ್ತು. ಅದನ್ನು ಬಹಳ ಶ್ರದ್ಧೆಯಿಂದ ನೋಡಿದೆ.

ಹಾಗಾದರೆ ವರದಿಯಿಂದ ನಿಮ್ಮ ಹೆಸರು ತೆಗೆಯಬೇಕಾಗುತ್ತದೆ ಅಂದರು ಮ್ಯಾನೇಜರು, ಬಹಳ ಬೇಸರದಿಂದ. ಹೆಸರಿನ ಜೊತೆಗೆ ನನ್ನನ್ನೂ ತೆಗೆಯಿರಿ ಅಂದರು ಮೇಡಂ, ಯಾವ ಬೇಸರವೂ ಇಲ್ಲದೆ. ನಿವೃತ್ತಿಗೆ ಇನ್ನೂ ಸಮಯವಿತ್ತು, ಕಾಯಲಿಲ್ಲ. ಬೀಳ್ಕೊಡುಗೆಗೆ ಆಫೀಸಿನವರು ಪ್ರೀತಿಯಿಂದ ಕರಡಿ ಆಕಾರದ ಕೇಕ್ ತರಿಸಿದ್ದರು. ಚಾಕು ಕೈಗೆ ಕೊಟ್ಟರೆ ಮೇಡಂ ಕೇಕನ್ನು ಸುತ್ತ ನೋಡಿದರು. "ಗಂಡೋ ಹೆಣ್ಣೋ?" ಅಂದರು. ಕೇಕ್ ಕತ್ತರಿಸದೆ ಚಟ್ನಿಪುಡಿಯ ಡಬ್ಬಿ ಚೀಲಕ್ಕೆ ಹಾಕಿಕೊಂಡು ಹೋದರು. ಅವತ್ತೇ ನಾನು ಅವರನ್ನು ಗ್ರೂಪಿನಲ್ಲಿ ಸಾಯಿಸಿದ್ದು.

ಮುಂದಿನ ವಾರ ಮ್ಯಾನೇಜರು ನನ್ನನ್ನು ಕರೆದರು. ವರದಿಗೆ ಇನ್ನು ನಿನ್ನ ಹೆಸರು, ಮಂಡಳಿಯ ಎದುರು ವಿಡಿಯೋದಲ್ಲಿ ಮಂಡಿಸುವುದೂ ನೀನೇ, ದೊಡ್ಡ ಅವಕಾಶ ಅಂದರು. ಎರಡನೇ ಸಾಲು ಆ ಹೊತ್ತಿಗೆ ಅನುಬಂಧದಲ್ಲೂ ಇರಲಿಲ್ಲ. ನನ್ನ ವೀಸಾ ಇರುವುದು ಈ ಕೆಲಸದ ಮೇಲೆ. ಕೆಲಸ ಹೋದರೆ ವೀಸಾ ಹೋಯಿತು, ಬೇರೆ ಕೆಲಸ ಬೇಗ ಸಿಗದಿದ್ದರೆ ನಾನೂ ಹೋದೆ. ಅಮ್ಮ ಊರಿಗೆಲ್ಲ ಹೇಳಿದ ಬ್ಯಾಂಕೂ ಮುಳುಗಿತು.

ಮೇಡಂಗೆ ಫೋನ್ ಮಾಡಿದೆ. ಬಿಟ್ಟು ಬಾ ಅನ್ನುತ್ತಾರೆ, ಬಿಡಲಾಗದ ಕಷ್ಟ ಅತ್ತು ಹೇಳಿ ಅವರನ್ನು ಒಪ್ಪಿಸಬೇಕು ಅಂತ ತಯಾರಾಗಿದ್ದೆ.

"ಹುಚ್ಚನಂಗ ಮಾಡಬ್ಯಾಡ," ಅಂದರು. "ನನಗ ಪೆನ್ಶನ್ ಅದ, ಮನಿ ಅದ. ನನ್ನ ಧೈರ್ಯ ಸೋವಿ. ನಿಂದು ತುಟ್ಟಿ. ನನ್ನ ನೋಡಿ ಕುಣೀಬ್ಯಾಡ."

"ಮತ್ತೆ ಎಂಥ ಮಾಡುದು?"

"ನನಗೇನು ಕೇಳ್ತಿ. ನಾ ಸತ್ತೀನಲ್ಲ."

ಮಂಡಳಿಯ ವಿಡಿಯೋ ದಿನ ನಾನು ಟೈ ಕಟ್ಟಿಕೊಂಡು ಕೂತೆ. ಪರದೆಯಲ್ಲಿ ಆ ಕಡೆ ಒಂದು ಸಾಲು ಜನ, ಈ ಕಡೆ ಮ್ಯಾನೇಜರು ನನ್ನ ಪಕ್ಕದಲ್ಲೇ. ಮೊದಲ ಹತ್ತು ನಿಮಿಷ ನನ್ನ ಮೈಕ್ ಬಂದ್ ಇತ್ತು, ನಾನು ಮೀನಿನ ಹಾಗೆ ಬಾಯಿ ಆಡಿಸಿದೆ. ಆಮೇಲೆ ಒಟ್ಟು ಬದಲಾಗುವುದಿಲ್ಲ ಅಂತ ತೋರಿಸಿದೆ. ಅವರು ತಲೆಯಾಡಿಸಿದರು. ಅಲ್ಲಿಗೆ ಮುಗಿಯಬೇಕಿತ್ತು. ನಾನು ಇನ್ನೊಂದು ಪುಟ ಒತ್ತಿದೆ. ಅದರಲ್ಲಿ ಒಂದೇ ಸಾಲು, ಮೇಡಂ ಬರೆದದ್ದು, ಅವರು ಬರೆದ ಹಾಗೆಯೇ: ತಾರೀಕು ಮುಂಚೆ ಬಂದರೆ, ಅಷ್ಟೇ ಒಟ್ಟಿನೊಳಗೆ, ಬಸುರಿ ಕರಡಿಗಳನ್ನು ಹೆಚ್ಚು ಕೊಲ್ಲುತ್ತೀರಿ.

ಪರದೆಯ ಆಚೆ ಯಾರೂ ಅಲುಗಲಿಲ್ಲ. ನೆಟ್ ನಿಂತುಹೋಗಿದೆ ಅಂದುಕೊಂಡೆ. ಆಮೇಲೆ ಕೊನೆಯಲ್ಲಿ ಕೂತಿದ್ದ, ಹ್ಯಾಟ್ ಹಾಕಿದ ಒಬ್ಬ ಮುದುಕ, ಅವನೂ ಬೇಟೆಗಾರನೇ ಅಂತೆ, ಎಷ್ಟು ಹೆಚ್ಚು ಅಂತ ಕೇಳಿದ. ಲೆಕ್ಕ ತೋರಿಸಿದೆ. ಅವನು ಹ್ಯಾಟ್ ತೆಗೆದು ಮೇಜಿನ ಮೇಲಿಟ್ಟು, ಇದನ್ನು ನಮಗೆ ಮೊದಲು ಯಾಕೆ ಹೇಳಲಿಲ್ಲ ಅಂದ. ತೀರ್ಮಾನ ಮುಂದಕ್ಕೆ ಹೋಯಿತು. ಅಂದರೆ ರದ್ದಾಗಲಿಲ್ಲ, ಮುಂದಕ್ಕೆ ಹೋಯಿತು, ಅಷ್ಟೇ. ಮುಂದಿನ ಸಭೆಯಲ್ಲಿ ಅವರು ಏನು ಮಾಡುತ್ತಾರೋ ಇದನ್ನು ಬರೆಯುವಾಗ ನನಗೆ ಗೊತ್ತಿಲ್ಲ.

ಪರದೆ ಕಪ್ಪಾಯಿತು. ಮ್ಯಾನೇಜರು ನಿಜವಾಗಿಯೂ ಮೆತ್ತಗಿನ ದನಿಯಲ್ಲಿ ನನಗೊಂದು ಬಾಗಿಲು ತೆರೆದುಕೊಟ್ಟರು.

"ಹಳೆಯ ಪುಟ ಉಳಿದುಹೋಗಿತ್ತು, ಅಲ್ಲವೇ? ಇದು ನಿನ್ನ ತಪ್ಪುಗಳಲ್ಲಿ ಒಂದು. ಹಾಗಂತ ಬರೆದುಬಿಡೋಣ."

ಎಷ್ಟು ಸುಲಭ ಇತ್ತು ನೋಡಿ. ಗಂಡು ಕರಡಿಗೆ ಹೆರಿಗೆ ಮಾಡಿಸಿದವನು ನಾನು. ಬದುಕಿದ್ದವರಿಗೆ ಪೂಜೆ ಹೇಳಿಸಿದವನು. ಇನ್ನೊಂದು ತಪ್ಪು ಅಂದರೆ ಯಾರಾದರೂ ಅನುಮಾನ ಪಡುತ್ತಿದ್ದರೇ? ಹೌದು ಅನ್ನಲು ಬಾಯಿ ತೆರೆದೆ. ಆಗ ಗೊತ್ತಾಯಿತು, ನನ್ನ ಶೂ ಮೇಜಿನ ಕೆಳಗೆ ಎಲ್ಲೋ ಬಿದ್ದಿದೆ, ಎರಡೂ ಕಾಲು ಕುರ್ಚಿಯ ಮೇಲಿವೆ. ಒಂದು ಸಾಕ್ಸಿನಲ್ಲಿ ತೂತು.

"ತಪ್ಪಲ್ಲ," ಅಂದೆ. "ಬೇಕೂಂತಲೇ ಹಾಕಿದ್ದು."

ಅವರು ತೂತು ನೋಡಿದರು, ನನ್ನನ್ನು ನೋಡಿದರು, ಸೋಮವಾರ ಮಾತಾಡೋಣ ಅಂದರು.

ಕೆಳಗಿಳಿದು ಟ್ರಾಮ್ ಸ್ಟಾಪಿನಲ್ಲಿ ನಿಂತು ಫೋನ್ ಮಾಡಿದೆ. ಮೇಡಂ ಎಲ್ಲ ಕೇಳಿಸಿಕೊಂಡರು. ಶಭಾಶ್ ಅನ್ನಲಿಲ್ಲ. ಒಂದೇ ಪ್ರಶ್ನೆ ಕೇಳಿದರು.

"ಕೊಲ್ಲತೀರಿ ಅಂತನs ಇತ್ತಲ್ಲ? ಕೊಯ್ತೀರಿ ಅಂತ ಹಾಕಿಲ್ಲಲ್ಲ ಮತ್ತ?"

"ಕೊಲ್ಲುತ್ತೀರಿ ಅಂತಲೇ ಮೇಡಂ."

"ಹಂಗಾರ ಈ ಕಡೆ ಬಾ. ಚಹಾ ಇಟ್ಟಿರತೀನಿ. ವೀಸಾ ಸಲುವಾಗಿ ಅಳೂದಿದ್ರ ಇಲ್ಲೇ ಬಂದು ಅಳು, ಟ್ರಾಮಿನ್ಯಾಗ ಬ್ಯಾಡ."

ಟ್ರಾಮ್ ಬಂತು. ಕಣ್ಣು ಒರೆಸಿಕೊಂಡು ಧೈರ್ಯವಾಗಿ ಹತ್ತಿ ಕೂತೆ. ನಾಲ್ಕು ಸ್ಟಾಪ್ ಆದ ಮೇಲೆ ನೋಡಿದರೆ ಅದು ಸಟನ್‌ಗೆ ಹತ್ತಿರವೂ ಹೋಗದ, ಪೂರ್ತಿ ಉಲ್ಟಾ ದಿಕ್ಕಿನ ಟ್ರಾಮ್.

ಇದು ಮಾತ್ರ ತಪ್ಪೇ.